ಬಿ.ಪಿ., ಸಕ್ಕರೆ, ಹಳೆಯ ಹೊಲಿಗೆ: ಇಂಥ ಬಸಿರಿಗೆ ಹೆರಿಗೆಯ ಯೋಜನೆ ಮಾಡುವುದು ಹೇಗೆ?

ಪ್ರಶ್ನೆ: ನನಗೆ 33 ವರ್ಷ. ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇದ್ದೇವೆ. ಇದು ಎರಡನೆಯ ಬಸಿರು, ಈಗ 30 ವಾರ. ನಾಲ್ಕು ವರ್ಷದ ಹಿಂದೆ ಮೊದಲ ಮಗು ಸಿಸೇರಿಯನ್ ಆಯಿತು. ನೋವು ಬಂದು ಅರ್ಧ ದಿನ ಕಳೆದ ಮೇಲೆ ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ನನ್ನನ್ನು ಥಿಯೇಟರಿಗೆ ಕರೆದೊಯ್ದರು. ನನಗೆ ಯಾರೂ ಏನೂ ಹೇಳಲಿಲ್ಲ. ಮಗುವಿನ ಮುಖ ನೋಡಿದ್ದು ಮರುದಿನ. ಈ ಸಲ ಸಕ್ಕರೆ ಬಂದಿದೆ, ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಕಳೆದ ತಿಂಗಳಿನಿಂದ ಬಿ.ಪಿ. 140/90ರ ಆಸುಪಾಸಿನಲ್ಲಿದೆ, ಲ್ಯಾಬೆಟಲಾಲ್ ಮಾತ್ರೆ ಕೊಟ್ಟಿದ್ದಾರೆ. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ‘ಹೈ ರಿಸ್ಕ್’ ಎಂದು ಬರೆದು, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದಿದ್ದಾರೆ. ಮೊಬೈಲಿನಲ್ಲಿ ಓದಿ ‘ಹೆರಿಗೆಯ ಯೋಜನೆ’ ಎಂದು ಒಂದು ಪಟ್ಟಿ ಬರೆದುಕೊಂಡು ಹೋಗಿದ್ದೆ. ನರ್ಸ್ ನಕ್ಕು, ‘ನಿಮ್ಮಂಥವರಿಗೆ ಪ್ಲಾನ್ ಎಲ್ಲಿಂದ ಬಂತಮ್ಮ, ಆ ಹೊತ್ತಿಗೆ ಡಾಕ್ಟರು ಹೇಳಿದಂತೆ’ ಎಂದರು. ನಾನು ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ? ಅಮ್ಮ ಮಳವಳ್ಳಿ ಕಡೆಯ ತವರಿಗೆ ಕರೆಯುತ್ತಿದ್ದಾರೆ. ಆಪರೇಷನ್ ಆಗುವುದಾದರೆ ಒಳ್ಳೆಯ ದಿನ ನೋಡಿಯೇ ಆಗಲಿ ಎಂಬುದು ಅತ್ತೆಯವರ ಮಾತು. ಇಷ್ಟೆಲ್ಲದರ ನಡುವೆ ಯೋಜನೆ ಮಾಡುವುದರಲ್ಲಿ ಅರ್ಥವಿದೆಯೇ?

ಉತ್ತರ: ಖಂಡಿತ ಇದೆ. ಯಾವ ತೊಡಕೂ ಇಲ್ಲದ ಬಸಿರಿಗಿಂತ ನಿಮ್ಮಂಥ ಬಸಿರಿಗೇ ಅದು ಹೆಚ್ಚು ಬೇಕು. ತೊಡಕಿಲ್ಲದ ಹೆರಿಗೆಯಲ್ಲಿ ನಿರ್ಧಾರಗಳು ಕಡಿಮೆ, ಯೋಚಿಸಲು ಹೊತ್ತೂ ಇರುತ್ತದೆ. ನಿಮ್ಮದರಲ್ಲಿ ನಿರ್ಧಾರಗಳು ಹೆಚ್ಚು, ಕೆಲವಕ್ಕೆ ಐದು ನಿಮಿಷವೂ ಸಿಗಲಿಕ್ಕಿಲ್ಲ. ನಾಲೆಗೆ ನೀರು ಬಿಡುವ ದಿನ ಖಚಿತವಿಲ್ಲವೆಂದು ನಿಮ್ಮ ಕಡೆಯ ರೈತರು ಸಸಿಮಡಿ ಮಾಡದೆ ಕೂರುವುದಿಲ್ಲವಲ್ಲ.

ನರ್ಸ್ ನಕ್ಕದ್ದು ಸರಿಯಲ್ಲ, ಆದರೆ ಏಕೆ ನಕ್ಕರೆಂದು ಊಹಿಸಬಲ್ಲೆ. ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳಲ್ಲಿ ಮಂದ ಬೆಳಕು, ಸಂಗೀತ, ಬೆಚ್ಚಗಿನ ನೀರಿನ ತೊಟ್ಟಿ ಎಲ್ಲ ಇರುತ್ತವೆ. ಒಂದರ ಪಕ್ಕ ಒಂದು ಮಂಚವಿರುವ ಹೆರಿಗೆ ವಾರ್ಡಿನಲ್ಲಿ ದುಡಿಯುವವರಿಗೆ ಅದು ಬೇರೆ ಲೋಕದ ಕಾಗದದಂತೆ ಕಾಣುತ್ತದೆ. ಆ ಪಟ್ಟಿಯನ್ನು ಪಕ್ಕಕ್ಕಿಡಿ. ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಹೊಟ್ಟೆ ಕುಯ್ದರು ಎಂಬ ದೂರು ಅದರಲ್ಲಿ ಎಲ್ಲೂ ಇಲ್ಲ. ಯಾರೂ ಹೇಳಲಿಲ್ಲ ಎಂಬುದು ಒಂದು ನೋವು, ಮಗುವಿನ ಮುಖವನ್ನು ಮರುದಿನ ಕಂಡದ್ದು ಇನ್ನೊಂದು. ಹೆರಿಗೆ ಯಾವ ದಾರಿಯಲ್ಲೇ ಆಗಲಿ, ಈ ಎರಡನ್ನೂ ತಡೆಯಲು ಬರುತ್ತದೆ. ನಿಮ್ಮ ಯೋಜನೆಯ ಹುರುಳು ಅಲ್ಲಿದೆ.

ಮೊದಲು ನಿಮ್ಮ ಮೂರು ತೊಡಕುಗಳು ಏನನ್ನು ನಿರ್ಧರಿಸುತ್ತವೆ ಎಂದು ನೋಡೋಣ.

ಹಳೆಯ ಹೊಲಿಗೆಯ ವಿಷಯ. ಒಮ್ಮೆ ಸಿಸೇರಿಯನ್ ಆದವರಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಿದ 100 ಮಂದಿಯಲ್ಲಿ 60ರಿಂದ 80 ಮಂದಿಗೆ ಅದು ಕೈಗೂಡುತ್ತದೆ. ಗರ್ಭಕೋಶದ ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ. ಕೇಳಲು ಸಣ್ಣದು, ಆದರೆ ಹಾಗಾದಾಗ ತಾಯಿ ಮಗು ಇಬ್ಬರಿಗೂ ನಿಮಿಷಗಳ ಲೆಕ್ಕ. ನಿಮಗೆ ಅನುಕೂಲವಾದ ಸಂಗತಿಗಳು ಎರಡಿವೆ: ನಾಲ್ಕು ವರ್ಷಗಳ ಅಂತರ, ಮತ್ತು ಮೊದಲ ಸಲದ ಕಾರಣ. ಎದೆಬಡಿತ ಇಳಿದದ್ದು ಆ ಹೆರಿಗೆಗೆ ಸೇರಿದ್ದು, ಮತ್ತೆ ಬರಲೇಬೇಕೆಂದಿಲ್ಲ. ಪ್ರತಿಕೂಲವಾದದ್ದು, ಈ ಮೊದಲು ನಿಮಗೆ ಸಹಜ ಹೆರಿಗೆ ಆಗಿಲ್ಲ ಎಂಬುದು. ಇವೆಲ್ಲಕ್ಕಿಂತ ಮುಖ್ಯ, ಗರ್ಭಕೋಶವನ್ನು ಕೆಳಭಾಗದಲ್ಲಿ ಅಡ್ಡ ಕುಯ್ದಿದ್ದರೋ ಉದ್ದಕ್ಕೆ ಕುಯ್ದಿದ್ದರೋ ಎಂಬುದು. ಹೊಟ್ಟೆಯ ಮೇಲಿನ ಗೆರೆ ನೋಡಿ ಇದನ್ನು ಹೇಳಲಾಗದು. ಹಳೆಯ ಆಸ್ಪತ್ರೆಯ ಆಪರೇಷನ್ ಟಿಪ್ಪಣಿಯಲ್ಲಿ ಇರುತ್ತದೆ. ಗರ್ಭಕೋಶದ ಮೇಲ್ಭಾಗಕ್ಕೆ ಉದ್ದನೆಯ ಕೊಯ್ತ ಹೋಗಿದ್ದರೆ ಸಹಜ ಹೆರಿಗೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಜೊತೆಗೆ, ಮಾಸು ಎಲ್ಲಿ ಕೂತಿದೆ ಎಂದು ಸ್ಕ್ಯಾನ್ ವರದಿಯಲ್ಲಿ ನೋಡಿಸಿ. ಹಳೆಯ ಹೊಲಿಗೆಯ ಮೇಲೆಯೇ ಮಾಸು ಕೆಳಗೆ ಕೂತಿದ್ದರೆ ಅದು ಬೇರೆಯೇ ಕಥೆ. ಆಗ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲಿ, ರಕ್ತವನ್ನು ಮೊದಲೇ ಸಿದ್ಧವಿಟ್ಟುಕೊಂಡೇ ಆಗಬೇಕು.

ಸಕ್ಕರೆ ಹಿಡಿತದಲ್ಲಿದ್ದರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಸಾಮಾನ್ಯವಾಗಿ 39ನೆಯ ವಾರದವರೆಗೆ ಕಾಯಬಹುದು. ಮಗು ನಾಲ್ಕು ಕೆ.ಜಿ. ದಾಟುವಂತೆ ಕಂಡರೆ ಚರ್ಚೆ ಬದಲಾಗುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ಯಜಮಾನಿಕೆ ಬಿ.ಪಿ.ಯದು. ಅದು ಈಗಿನಂತೆಯೇ ಇದ್ದು, ಮೂತ್ರದಲ್ಲಿ ಪ್ರೋಟೀನ್, ರಕ್ತ ಪರೀಕ್ಷೆಯಲ್ಲಿ ಏರುಪೇರು ಯಾವುದೂ ಇಲ್ಲದಿದ್ದರೆ 37 ವಾರ ತುಂಬಿದ ಮೇಲೆ ಹೆರಿಗೆ ಮಾಡಿಸುವ ಮಾತು ಬರುತ್ತದೆ. 160/110ಕ್ಕೆ ಏರಿದರೆ, ಅಥವಾ ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮಿಂಚು ಹೊಡೆದಂತೆ ಕಾಣುವುದು, ಎದೆಗೂಡಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದಂತೆ ಊದುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ರಕ್ತ ಕಾಣಿಸಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಎಂದು ಕಾಯಬಾರದು, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗಬಾರದು. ಬಿ.ಪಿ. ತೀವ್ರವಾದರೆ 34 ವಾರಕ್ಕೇ ಹೆರಿಗೆ ಮಾಡಿಸಬೇಕಾಗಬಹುದು. ಅದಕ್ಕೂ ಮುಂಚೆ ಆಗುವಂತಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಕೆಲವು ದಿನ ನಿಮ್ಮ ಸಕ್ಕರೆಯನ್ನು ಏರಿಸುತ್ತದೆ, ಗಾಬರಿ ಬೇಡ. ಇನ್ಸುಲಿನ್ ಪ್ರಮಾಣ ಹೊಂದಿಸಲೆಂದೇ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ.

ಹಾಗಾಗಿ ತಾಯಿ ಕಾರ್ಡಿನಲ್ಲಿ ಬರೆದಿರುವ, 40 ವಾರದ ಲೆಕ್ಕದ ಹೆರಿಗೆ ದಿನಾಂಕವನ್ನು ನಂಬಿಕೊಂಡು ಕೂರಬೇಡಿ. ನಿಮ್ಮ ಚೀಲ, ಕಾಗದ, ಗಾಡಿಯ ಏರ್ಪಾಡು ಎಲ್ಲ 33ನೆಯ ವಾರದೊಳಗೆ ಸಿದ್ಧವಿರಲಿ.

ಈಗ ಸಹಜ ಹೆರಿಗೆಯ ಪ್ರಶ್ನೆಗೆ ಬರುತ್ತೇನೆ. ಪ್ರಯತ್ನಿಸಬಹುದು, ಷರತ್ತಿನ ಮೇಲೆ. ನೋವು ತಾನಾಗಿಯೇ ಬಂದರೆ ಅವಕಾಶ ಚೆನ್ನಾಗಿದೆ. ಬಿ.ಪಿ. ಕಾರಣಕ್ಕೆ 37ನೆಯ ವಾರದಲ್ಲಿ ನೋವು ಬರಿಸಬೇಕಾದರೆ ಅವಕಾಶ ಕುಗ್ಗುತ್ತದೆ. ಹೊಲಿಗೆಯಿರುವ ಗರ್ಭಕೋಶಕ್ಕೆ, ಬೇರೆಯವರಿಗೆ ನೋವು ಬರಿಸಲು ಕೊಡುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುವುದಿಲ್ಲ. ಗರ್ಭಕೋಶದ ಬಾಯಿಯಲ್ಲಿ ಬಲೂನಿರುವ ನಳಿಕೆ ಇಟ್ಟು ನೋಡಬಹುದು, ಆಮೇಲೆ ಬಲು ಎಚ್ಚರಿಕೆಯಿಂದ ಡ್ರಿಪ್ ಹಾಕಬಹುದು. ಅದೂ ಎಲ್ಲ ಕಡೆ ಮಾಡುವುದಿಲ್ಲ. ಬಿ.ಪಿ. ಏರುತ್ತಿದ್ದು ಗರ್ಭಕೋಶದ ಬಾಯಿ ಇನ್ನೂ ಗಟ್ಟಿಯಾಗಿಯೇ ಇದ್ದರೆ, ನಾನಾಗಿದ್ದರೆ ನಿಮಗೆ ಆಪರೇಷನ್ನನ್ನೇ ಸೂಚಿಸುತ್ತಿದ್ದೆ. ಅದನ್ನು ಸೋಲೆಂದು ಎಣಿಸುವ ಮಾತು ನಮ್ಮ ಕಡೆ ಹೆಂಗಸರಲ್ಲೇ ಹೆಚ್ಚು ಕೇಳಿಬರುತ್ತದೆ, ನನಗೆ ಅದು ಒಂದಿಷ್ಟೂ ಹಿಡಿಸುವುದಿಲ್ಲ. ಇನ್ನು ಬೇಗ ನೋವು ಬರಲೆಂದು ಹರಳೆಣ್ಣೆ ಕುಡಿಸುವವರು ಇನ್ನೂ ಇದ್ದಾರೆ. ಹಳೆಯ ಹೊಲಿಗೆ ಇರುವವರು ಅದರ ತಂಟೆಗೆ ಹೋಗಲೇಬಾರದು.

ಪ್ರಯತ್ನ ಎಲ್ಲಿ ನಡೆಯಬೇಕು ಎಂಬುದಕ್ಕೆ ಮಾತ್ರ ರಾಜಿ ಇಲ್ಲ. ಇರುಳು ಎರಡು ಗಂಟೆಗೂ ಅರಿವಳಿಕೆ ವೈದ್ಯರು ಸಿಗಬೇಕು, ಥಿಯೇಟರ್ ತೆರೆಯಬೇಕು, ರಕ್ತ ಇರಬೇಕು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಅದೇ ಕಟ್ಟಡದಲ್ಲಿ ಅಥವಾ ಪಕ್ಕದಲ್ಲಿ ಇರಬೇಕು. ನಿಮ್ಮ ಊರಿನಿಂದ ಸರ್ಕಾರಿ ವ್ಯವಸ್ಥೆಯಲ್ಲಿ ಎರಡು ದಾರಿ: ಶ್ರೀರಂಗಪಟ್ಟಣದ ಮೇಲೆ ಮೈಸೂರಿನ ಚೆಲುವಾಂಬ, ಇಲ್ಲವೇ ಮಂಡ್ಯದ ಮಿಮ್ಸ್. ಎರಡೂ ವೈದ್ಯಕೀಯ ಕಾಲೇಜಿಗೆ ಸೇರಿದವು. ಖಾಸಗಿಗೆ ಹೋಗುವುದಾದರೂ ಮೇಲಿನ ನಾಲ್ಕು ಪ್ರಶ್ನೆಗಳನ್ನು ನಾಚಿಕೆಯಿಲ್ಲದೆ ಕೇಳಿ. ಹೊಳೆಯುವ ನೆಲ ನೋಡಿ ಆಸ್ಪತ್ರೆ ಆರಿಸಬೇಡಿ. ಒಂದನ್ನು ಗೊತ್ತುಮಾಡಿಕೊಂಡು 34 ವಾರದೊಳಗೆ ಒಮ್ಮೆ ಅಲ್ಲಿಯೇ ತೋರಿಸಿಕೊಂಡು ಬನ್ನಿ. ತುರ್ತಿನಲ್ಲಿ ಹೋದಾಗ ನಿಮ್ಮ ಹೆಸರಿನ ಒಂದು ಹಳೆಯ ಚೀಟಿ ಅಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಕೂಡ ಸೇರಿ, ಉಚಿತ. ಔಷಧ, ಪರೀಕ್ಷೆ, ರಕ್ತ, ಊಟ, ಮನೆಯಿಂದ ಆಸ್ಪತ್ರೆಗೆ ಹೋಗಿ ಬರುವ ವಾಹನ, ಕಾಯಿಲೆ ಬಿದ್ದ ಮಗುವಿನ ಚಿಕಿತ್ಸೆ ಎಲ್ಲವೂ ಅದರಲ್ಲಿ ಬರುತ್ತವೆ. 108ರ ಜೊತೆಗೆ ಊರಿನಲ್ಲಿ ರಾತ್ರಿ ಕರೆದರೆ ಬರುವ ಒಬ್ಬ ಕಾರಿನವರ ನಂಬರನ್ನೂ ಬರೆದಿಟ್ಟುಕೊಳ್ಳಿ; ಆಶಾ ಕಾರ್ಯಕರ್ತೆಗೆ ಈ ಎರಡೂ ಏರ್ಪಾಡು ಗೊತ್ತಿರಲಿ. ನಿಮ್ಮ ಕೊನೆಯ ವಾರಗಳು ದಸರೆಗೆ ಬೀಳುವುದಾದರೆ ಇನ್ನೊಂದು ಮಾತು. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯೂ ಅರಮನೆಯ ಸುತ್ತಿನ ದಾರಿಗಳೂ ಮುಚ್ಚಿರುತ್ತವೆ, ಊರೊಳಗಿನ ಆಸ್ಪತ್ರೆ ತಲುಪುವುದು ಸುಲಭವಲ್ಲ. ಆ ದಿನಕ್ಕೆ ಮಂಡ್ಯವನ್ನೇ ಮೊದಲ ಆಯ್ಕೆ ಮಾಡಿಕೊಳ್ಳಿ.

ತವರಿನ ಮಾತು ಸೂಕ್ಷ್ಮ. ಅಮ್ಮನ ಮನೆಯ ಆರೈಕೆಗೆ ಸಮನಾದದ್ದು ಇಲ್ಲ ಎಂಬುದು ನನಗೂ ಗೊತ್ತು. ಆದರೆ 34 ವಾರದ ನಂತರ ನಿಮ್ಮನ್ನು ನೋಡುತ್ತಿರುವ ವೈದ್ಯರಿಂದ ದೂರ ಹೋಗಿ, ಹೊಸ ತಾಲ್ಲೂಕಿನಲ್ಲಿ ಮೊದಲಿನಿಂದ ಎಲ್ಲ ಹೇಳುವಂತಾಗುವುದು ಬೇಡ. ಅಮ್ಮನೇ ನಿಮ್ಮಲ್ಲಿಗೆ ಬರಲಿ. ಬಾಣಂತನಕ್ಕೆ, ಹತ್ತು ಹದಿನೈದು ದಿನ ಬಿ.ಪಿ. ನೋಡಿ ಸರಿಯಿದೆ ಎಂದಾದ ಮೇಲೆ, ಧಾರಾಳವಾಗಿ ತವರಿಗೆ ಹೋಗಿ.

ಇನ್ನು ಕಾಗದ. ಒಂದೇ ಹಾಳೆ, ಒಂದೇ ಮಗ್ಗುಲು, ಕನ್ನಡದಲ್ಲಿ, ದೊಡ್ಡ ಅಕ್ಷರ. ಮೇಲ್ಭಾಗದಲ್ಲಿ ಅಪರಿಚಿತ ವೈದ್ಯರೊಬ್ಬರಿಗೆ ನಡುರಾತ್ರಿಯಲ್ಲಿ ಬೇಕಾಗುವ ಸಂಗತಿಗಳು: ರಕ್ತದ ಗುಂಪು (ನೆಗೆಟಿವ್ ಆದರೆ ಕೆಂಪು ಶಾಯಿಯಲ್ಲಿ, ಹೆರಿಗೆಯಾದ 72 ಗಂಟೆಯೊಳಗೆ ಆ್ಯಂಟಿ-ಡಿ ಎಂಬ ಇಂಜೆಕ್ಷನ್ ಬೇಕಾಗಬಹುದು), ಯಾವ ಮಾತ್ರೆ ಎಷ್ಟು, ಇನ್ಸುಲಿನ್ ಎಷ್ಟು ಯೂನಿಟ್, ಯಾವ ಔಷಧ ಒಗ್ಗುವುದಿಲ್ಲ, ಹಳೆಯ ಆಪರೇಷನ್ ಯಾವಾಗ, ಯಾವ ಕೊಯ್ತ, ಮಾಸು ಎಲ್ಲಿದೆ, ಕೊನೆಯ ಹಿಮೋಗ್ಲೋಬಿನ್ ಎಷ್ಟು. ಇಷ್ಟು ಬರೆದು ತಂದವರ ಕಾಗದ ನೋಡಿ ಯಾವ ನರ್ಸೂ ನಗುವುದಿಲ್ಲ. ಅದನ್ನು ಓದಿದವರು ಕೆಳಗಿನದನ್ನೂ ಓದುತ್ತಾರೆ.

ಕೆಳಗಿನ ಭಾಗವನ್ನು ‘ಹೀಗಾದರೆ’ ಎಂಬ ಮಾತಿನಿಂದ ಶುರು ಮಾಡಿ. ಹೆಚ್ಚುಕಡಿಮೆ ಈ ಧಾಟಿಯಲ್ಲಿ ಇರಬಹುದು:

‘ನೋವು ತಾನಾಗಿ ಬಂದರೆ: ಸಹಜ ಹೆರಿಗೆಗೆ ಪ್ರಯತ್ನಿಸುವ ಆಸೆಯಿದೆ. ಮಗುವಿನ ಎದೆಬಡಿತವನ್ನು ಬಿಡದೆ ನೋಡುತ್ತಿರಿ. ಯಂತ್ರ ಕಟ್ಟಿರುವಾಗಲೂ ಮಂಚದ ಪಕ್ಕ ನಿಲ್ಲಲು, ಮಗ್ಗುಲಾಗಿ ಮಲಗಲು ಬಿಡಿ. ಜೊತೆಗೆ ನನ್ನ ಅಮ್ಮ ಇರಲಿ. ಅಗತ್ಯವಿಲ್ಲದೆ ಹೆರಿಗೆ ದಾರಿಯಲ್ಲಿ ಕೊಯ್ತ ಹಾಕಬೇಡಿ.

ಮೊದಲೇ ಹೆರಿಗೆ ಮಾಡಿಸಬೇಕಾದರೆ: ಕಾರಣವನ್ನು ನನಗೂ ನನ್ನ ಗಂಡನಿಗೂ ಒಟ್ಟಿಗೆ ಹೇಳಿ. ಎಷ್ಟು ಹೊತ್ತು ಪ್ರಯತ್ನಿಸಿ ನೋಡುತ್ತೀರಿ ಎಂದು ಮೊದಲೇ ತಿಳಿಸಿ.

ಆಪರೇಷನ್ ಆದರೆ: ಆದಷ್ಟೂ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ನನ್ನನ್ನು ಎಚ್ಚರವಾಗಿರಿಸಿ. ಮಗು ಚೆನ್ನಾಗಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ತಡೆಯಿರಿ. ಬಟ್ಟೆ ಸುತ್ತುವ ಮುನ್ನ ಮಗುವನ್ನು ನನ್ನ ಕೆನ್ನೆಗೆ ತಾಕಿಸಿ. ಒಂದು ಗಂಟೆಯೊಳಗೆ ಹಾಲೂಡಿಸಲು ನೆರವಾಗಿ.

ಮಗು ಎನ್‌ಐಸಿಯುಗೆ ಹೋದರೆ: ಮಗುವಿನ ಜೊತೆ ನನ್ನ ಗಂಡ ಹೋಗಲಿ, ನನ್ನ ಬಳಿ ಅಮ್ಮ ಇರಲಿ. ಮಗುವಿನ ಫೋಟೊ ತೋರಿಸಿ. ನಾನು ಹಿಂಡಿಕೊಟ್ಟ ಹಾಲನ್ನೇ ಮೊದಲು ಕೊಡಿ.

ಹೇಳಲು ಹೊತ್ತೇ ಇಲ್ಲದಷ್ಟು ತುರ್ತಾದರೆ: ಮಾಡಬೇಕಾದದ್ದನ್ನು ಮಾಡಿ. ಏನಾಗುತ್ತಿದೆ ಎಂದು ಒಂದೇ ಒಂದು ವಾಕ್ಯದಲ್ಲಿ ಹೇಳಿ.’

ಕೊನೆಯ ಸಾಲನ್ನು ಬಿಡಬೇಡಿ. ಅದು ವೈದ್ಯರಿಗೆ ನಿಮ್ಮ ಮೇಲೆ ನಂಬಿಕೆ ತರಿಸುತ್ತದೆ, ನಿಮಗೆ ಕಳೆದ ಸಲ ದಕ್ಕದ ಮಾತನ್ನೂ ದಕ್ಕಿಸುತ್ತದೆ.

ಜೊತೆಗಾರರ ವಿಷಯದಲ್ಲಿ ಹಿಂಜರಿಯಬೇಕಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗಾತಿಗೆ ಅವಕಾಶ ಕೊಡಬೇಕೆಂಬುದು ಕೇಂದ್ರ ಸರ್ಕಾರದ್ದೇ ಸೂಚನೆ. ಪರದೆ, ಮರೆ ಇಲ್ಲದ ವಾರ್ಡಿನಲ್ಲಿ ಉಳಿದ ಹೆಂಗಸರ ಮುಜುಗರ ನೋಡಿ ಗಂಡಸರನ್ನು ಬಿಡುವುದಿಲ್ಲ, ಅದು ನ್ಯಾಯವೇ. ಹೆತ್ತ ಅನುಭವವಿರುವ, ಗಾಬರಿ ಬೀಳದ ಹೆಂಗಸೊಬ್ಬರನ್ನು ಆರಿಸಿಕೊಳ್ಳಿ. ನಿಮ್ಮ ಅಮ್ಮ ಅಳುವವರಾದರೆ ಅತ್ತಿಗೆಯೋ ಚಿಕ್ಕಮ್ಮನೋ ಆದೀತು.

ನೋವು ಕಡಿಮೆ ಮಾಡುವ ಎಪಿಡ್ಯೂರಲ್ ಬಿ.ಪಿ. ಇರುವವರಿಗೆ ಒಳ್ಳೆಯದೇ, ನೋವಿಗೆ ಏರುವ ಒತ್ತಡವನ್ನೂ ಅದು ತಗ್ಗಿಸುತ್ತದೆ. ಆದರೆ ಪ್ಲೇಟ್‌ಲೆಟ್ ತೀರ ಇಳಿದಿದ್ದರೆ ಕೊಡಲಾಗದು, ಸೌಲಭ್ಯವೂ ಎಲ್ಲ ಕಡೆ ಇಲ್ಲ. ಮೊದಲೇ ವಿಚಾರಿಸಿ. ಬಿ.ಪಿ. ತೀವ್ರವಾದಾಗ ಫಿಟ್ಸ್ ಬರದಂತೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಮೈ ಬಿಸಿಯೇರಿದಂತೆ, ಕೈಕಾಲು ಭಾರವಾದಂತೆ ಆಗುತ್ತದೆ, ಹೆರಿಗೆಯಾದ ಮೇಲೂ ಒಂದು ದಿನ ನಿಗಾ ಕೋಣೆಯಲ್ಲಿ ಇರಬೇಕಾಗುತ್ತದೆ. ಆ ಒಂದು ದಿನ ಮಗು ಎಲ್ಲಿರುತ್ತದೆ, ಯಾರ ಬಳಿ ಇರುತ್ತದೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಕಳೆದ ಸಲದ ‘ಮರುದಿನ’ ಮತ್ತೆ ಬರಬಹುದಾದ ಜಾಗ ಅದು. ಸಕ್ಕರೆಯಿರುವ ತಾಯಿಯ ಮಗುವಿಗೆ ಮೊದಲ ಗಂಟೆಗಳಲ್ಲಿ ಸಕ್ಕರೆ ಇಳಿಯುವುದುಂಟು. ಹಿಮ್ಮಡಿ ಚುಚ್ಚಿ ಪರೀಕ್ಷಿಸುತ್ತಾರೆ. ಬೇಗ ಹಾಲೂಡಿಸಿ ಎಂದು ಒತ್ತಾಯಿಸಲು ನಿಮಗೆ ಇದೊಂದು ವೈದ್ಯಕೀಯ ಕಾರಣವೂ ಹೌದು.

ಕೈಗೆ ಸೂಜಿ ಹಾಕುವುದು, ಪದೇಪದೇ ಬಿ.ಪಿ. ಮತ್ತು ಸಕ್ಕರೆ ನೋಡುವುದು, ಎದೆಬಡಿತದ ಯಂತ್ರ, ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್, ಇವುಗಳ ಮುಂದೆ ‘ಬೇಡ’ ಎಂದು ಬರೆಯಬೇಡಿ. ನಿಮ್ಮ ಸ್ಥಿತಿಯಲ್ಲಿ ಇವುಗಳಿಗೆ ಪರ್ಯಾಯ ಇಲ್ಲ.

ಯಾರೂ ಬರೆಯದ, ಬರೆಯಲೇಬೇಕಾದ ಒಂದು ಸಾಲು ಇದೆ. ಎರಡನೆಯ ಮಗು ಸಿಸೇರಿಯನ್ ಎಂದಾಗ ‘ಇದರ ಜೊತೆಯಲ್ಲೇ ಮಕ್ಕಳಾಗದ ಆಪರೇಷನ್ನೂ ಮಾಡಿಬಿಡಲೇ’ ಎಂಬ ಪ್ರಶ್ನೆ ಬರುತ್ತದೆ. ಹೊರಗೆ ಗಂಡನನ್ನೋ ಅತ್ತೆಯನ್ನೋ ಕೇಳಿ, ನೋವಿನಲ್ಲಿರುವ ನಿಮ್ಮ ಮುಂದೆ ಕಾಗದ ಹಿಡಿಯುವುದೂ ಉಂಟು. ಒಪ್ಪಿಗೆ ನಿಮ್ಮದೇ ಆಗಿರಬೇಕು. ಬೇಕೋ, ಬೇಡವೋ, ಅಥವಾ ಸದ್ಯಕ್ಕೆ ಕಾಪರ್-ಟಿ ಸಾಕೋ ಎಂದು ಗಂಡನ ಜೊತೆ ಕೂತು ಈಗಲೇ ಮಾತಾಡಿ. ಮಗು ಮೊದಲೇ ಹುಟ್ಟಿ ಎನ್‌ಐಸಿಯು ಸೇರಿದರೆ ಆ ನಿರ್ಧಾರ ಬದಲಾಗುತ್ತದೆಯೇ ಎಂಬುದನ್ನೂ ಮಾತಾಡಿ. ಕಹಿಯಾದ ಪ್ರಶ್ನೆ, ಆದರೆ ಥಿಯೇಟರಿನ ಬಾಗಿಲಲ್ಲಿ ಅದಕ್ಕೆ ಉತ್ತರ ಹುಡುಕುವುದು ಇನ್ನೂ ಕಹಿ.

ಅತ್ತೆಯವರ ಪಂಚಾಂಗಕ್ಕೆ ನಾನು ವಿರೋಧಿಯಲ್ಲ. ಬಿ.ಪಿ. ಹಿಡಿತದಲ್ಲಿದ್ದು, ವೈದ್ಯರು ‘ಈ ವಾರದಲ್ಲಿ ಮಾಡೋಣ’ ಎಂದರೆ ಆ ವಾರದೊಳಗಿನ ದಿನವನ್ನು ಅತ್ತೆಯೇ ಆರಿಸಲಿ. ಹಗಲು ಹೊತ್ತು, ಎಲ್ಲ ಸಿಬ್ಬಂದಿ ಇರುವ ಕೆಲಸದ ದಿನವಾದರೆ ಆಸ್ಪತ್ರೆಗೂ ಅನುಕೂಲ. ಮುಹೂರ್ತಕ್ಕಾಗಿ ಆ ವಾರದಿಂದ ಹಿಂದಕ್ಕೂ ಮುಂದಕ್ಕೂ ಹೋಗುವಂತಿಲ್ಲ. ಬಿ.ಪಿ. ಏರಿದ ದಿನ ಅಮಾವಾಸ್ಯೆಯಾದರೂ ರಾಹುಕಾಲವಾದರೂ ಹೊರಡುವುದೇ. ಈ ಮಾತನ್ನು ನಿಮ್ಮ ಬಾಯಲ್ಲಿ ಹೇಳಬೇಡಿ, ಮುಂದಿನ ತಪಾಸಣೆಗೆ ಅತ್ತೆಯವರನ್ನೇ ಕರೆದೊಯ್ದು ವೈದ್ಯರ ಬಾಯಲ್ಲಿ ಹೇಳಿಸಿ.

ಹೆರಿಗೆಯಾದ ಮೇಲಿನ ಹತ್ತು ದಿನವೂ ಯೋಜನೆಗೆ ಸೇರಿದ್ದು. ಮಗು ಹುಟ್ಟಿತು, ಬಿ.ಪಿ. ಹೋಯಿತು ಎಂದು ಎಲ್ಲರೂ ನಿರಾಳವಾಗುವ ಮೂರರಿಂದ ಆರನೆಯ ದಿನದಲ್ಲೇ ಅದು ಮತ್ತೆ ಏರುವುದು ಹೆಚ್ಚು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಲ್ಯಾಬೆಟಲಾಲ್ ತೆಗೆದುಕೊಳ್ಳುತ್ತ ಹಾಲೂಡಿಸಬಹುದು. ಬಿ.ಪಿ. ಯಂತ್ರ ಮನೆಯಲ್ಲಿದ್ದರೆ ಒಳ್ಳೆಯದು, ಇಲ್ಲವಾದರೆ ಉಪಕೇಂದ್ರದ ಸಿಸ್ಟರ್ ಬಂದು ನೋಡಲಿ. ಬಾಣಂತಿಗೆ ನೀರು ಕೊಡಬಾರದು ಎನ್ನುವ ಹಿರಿಯರಿದ್ದರೆ ಕೇಳಬೇಡಿ, ಬಾಯಾರಿದಷ್ಟೂ ಕುಡಿಯಿರಿ. ಇನ್ಸುಲಿನ್ ಬಹುಮಟ್ಟಿಗೆ ನಿಲ್ಲುತ್ತದೆ, ಆದರೂ ಆರರಿಂದ ಹನ್ನೆರಡು ವಾರದೊಳಗೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಆಗಲೇಬೇಕು.

ಕಾಗದ ಬರೆದಾದ ಮೇಲೆ ವೈದ್ಯರ ಮುಂದೆ ಇಡುವ ಬಗೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ, ತಜ್ಞರು ಸಿಗುತ್ತಾರೆ, ಆದರೆ ಜನ ಬಹಳ. ಹೆರಿಗೆಗೆ ಗೊತ್ತುಮಾಡಿದ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ತಪಾಸಣೆ ಮುಗಿದ ಮೇಲೆ ಕಾಗದ ಕೊಟ್ಟು, ‘ಇದರಲ್ಲಿ ನಿಮ್ಮಲ್ಲಿ ಆಗದಿರುವುದಕ್ಕೆ ಗೆರೆ ಎಳೆದುಕೊಡಿ’ ಎನ್ನಿ. ಬೇಡಿಕೆಯ ಪಟ್ಟಿಗೆ ಮುಖ ಗಂಟಿಕ್ಕುವವರೂ ಗೆರೆ ಎಳೆಯಲು ಪೆನ್ನು ತೆಗೆಯುತ್ತಾರೆ. ಎಳೆದ ಪ್ರತಿ ಗೆರೆಗೂ ‘ಏಕೆ’ ಎಂದು ಕೇಳಿ. ಆ ಉತ್ತರಗಳಲ್ಲಿ ನಿಮಗೆ ಕಳೆದ ಸಲ ಸಿಗದ ಮಾಹಿತಿ ಎಲ್ಲ ಬರುತ್ತದೆ. ಉಳಿದ ಸಾಲುಗಳ ಕೆಳಗೆ ಅವರ ಸಹಿ ಹಾಕಿಸಿಕೊಂಡು ತಾಯಿ ಕಾರ್ಡಿನೊಳಗೆ ಪಿನ್ ಮಾಡಿ, ಒಂದು ಫೋಟೊ ಗಂಡನ ಮೊಬೈಲಿನಲ್ಲಿ ಇರಲಿ. 34ನೆಯ ವಾರಕ್ಕೆ ಒಮ್ಮೆ, 36ಕ್ಕೆ ಇನ್ನೊಮ್ಮೆ ತಿದ್ದಿ.

ಎಲ್ಲಕ್ಕೂ ಮೊದಲು ಹಳೆಯ ಆಪರೇಷನ್ ಟಿಪ್ಪಣಿ ಬೇಕು. ದಾಖಲೆ ವಿಭಾಗದಲ್ಲಿ ಹುಡುಕಿ ಕೊಡಲು ದಿನಗಳು ಹಿಡಿಯುತ್ತವೆ. ಡಿಸ್ಚಾರ್ಜ್ ಚೀಟಿಯ ನಂಬರ್, ನಿಮ್ಮ ಸಹಿ ಇರುವ ಒಂದು ಅರ್ಜಿ, ಆಧಾರ್ ಪ್ರತಿ ಕೊಟ್ಟು ನಿಮ್ಮ ಯಜಮಾನರನ್ನು ಈ ವಾರವೇ ಅಲ್ಲಿಗೆ ಕಳುಹಿಸಿ.